ಎಡವಿದ ತರುಣನ ಬೆಲೆ

ಎಡವಿದವನನ್ನು ಕಂಡು ನಗುವವರು ಬಹು ಮಂದಿ. ಅವನ ಕಾಲಿಗೆ ತಾಕಿದ ಕಲ್ಲು ಯಾವುದೆಂದು ಬಗ್ಗಿ ನೋಡುವವರು ವಿರಳ. ಅಮೇರಿಕೆಯ ಬಾಸ್ಕೆಟ್‌ಬಾಲ್ ಲೋಕದಲ್ಲಿ ೨೦೧೯ನೆಯ ಇಸವಿ ಫೆಬ್ರವರಿ ೭ನೆಯ ತಾರೀಖು ನಡೆದ ಒಂದು ವಿನಿಮಯವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಆಟ ಕೆಟ್ಟು ಮೂಲೆ ಸೇರಿದ್ದ ಮಾರ್ಕೆಲ್ ಫುಲ್ಟ್ಸ್ ಎಂಬ ಇಪ್ಪತ್ತು ವರ್ಷದ ತರುಣನನ್ನು ಅಂದು ಆರ್ಲ್ಯಾಂಡೊ ತಂಡದವರು ಫಿಲಡೆಲ್ಫಿಯಾ ತಂಡದಿಂದ ಪಡೆದರು. ಪ್ರತಿಯಾಗಿ ಒಬ್ಬ ಆಟಗಾರನನ್ನೂ, ಮುಂದೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಎರಡು ಹಕ್ಕುಗಳನ್ನೂ ಬಿಟ್ಟುಕೊಟ್ಟರು. ಅವರು ಮಾಡಿದುದು ವಿವೇಕವೋ ಅವಿವೇಕವೋ? ಈ ಪ್ರಶ್ನೆಯು ಆಟದ ಅಂಗಳಕ್ಕೆ ಮಾತ್ರ ಸಂಬಂಧಿಸಿದುದಲ್ಲವಾದುದರಿಂದ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ನಮ್ಮ ವಾಚಕರು ಕ್ರಿಕೆಟ್ಟಿನ ಐ.ಪಿ.ಎಲ್. ಹರಾಜನ್ನು ಬಲ್ಲರು. ಅಲ್ಲಿ ಹೆಚ್ಚು ಬೆಲೆ ಕೂಗಿದವನಿಗೆ ಆಟಗಾರನು ದಕ್ಕುತ್ತಾನೆ. ಅಮೇರಿಕೆಯ ಎನ್.ಬಿ.ಎ. ಕೂಟದ ಪದ್ಧತಿಯು ಬೇರೆ. ಅಲ್ಲಿ ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. ತಂಡಗಳು ಸರದಿಯ ಪ್ರಕಾರ ಹೊಸ ತರುಣರನ್ನು ಆರಿಸಿಕೊಳ್ಳುತ್ತವೆ. ಸೋತು ಕೆಳಗುಳಿದ ತಂಡಕ್ಕೆ ಮೊದಲ ಸರದಿಗಳು ದೊರೆಯುವ ಸಂಭವ ಹೆಚ್ಚು. ಈ ಸರದಿಯ ಹಕ್ಕನ್ನು ವರ್ಷಗಟ್ಟಲೆ ಮುಂಚಿತವಾಗಿಯೇ ಹುಂಡಿಯಂತೆ ಕೈಯಿಂದ ಕೈಗೆ ದಾಟಿಸಬಹುದು. ಆ ಹುಂಡಿಯ ಮೇಲೆ ಯಾವ ಆಟಗಾರನ ಹೆಸರೂ ಇರುವುದಿಲ್ಲ. ಅದರ ಮೇಲಿನ ಮೋಹಕ್ಕೆ ಅದೇ ಕಾರಣ. ಹೆಸರಿಲ್ಲದ ಆಟಗಾರನು ಎಂದೂ ಗುರಿ ತಪ್ಪುವುದಿಲ್ಲವಷ್ಟೆ!

ಫುಲ್ಟ್ಸನು ೨೦೧೭ರ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟವನು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಆಡಿದ ಒಂದೇ ವರ್ಷದಲ್ಲಿ ಪಂದ್ಯಕ್ಕೆ ಸರಾಸರಿ ೨೩ಕ್ಕೂ ಮಿಕ್ಕಿ ಅಂಕಗಳನ್ನು ಗಳಿಸಿದ್ದನು. ಅವನಿಗಾಗಿ ಫಿಲಡೆಲ್ಫಿಯಾ ತಂಡವು ತನ್ನ ಮೂರನೆಯ ಸರದಿಯನ್ನೂ, ಮುಂದಿನ ಒಂದು ಪ್ರಥಮ ಸುತ್ತಿನ ಹಕ್ಕನ್ನೂ ಬಾಸ್ಟನ್ ತಂಡಕ್ಕೆ ಕೊಟ್ಟು ಒಂದನೆಯ ಸರದಿಯನ್ನು ಪಡೆಯಿತು. ಬಾಸ್ಟನ್ನಿನವರು ಆ ಮೂರನೆಯ ಸರದಿಯಲ್ಲಿ ಆರಿಸಿದವನು ಜೇಸನ್ ಟೇಟಮ್; ಅವನು ೨೦೨೪ರಲ್ಲಿ ಆ ತಂಡವು ಕೂಟದ ಪಟ್ಟವನ್ನು ಗೆದ್ದಾಗ ಅದರ ಮುಖ್ಯ ಆಧಾರಗಳಲ್ಲೊಬ್ಬನಾಗಿದ್ದನು. ಇತ್ತ ಫುಲ್ಟ್ಸನಿಗೋ, ಮೊದಲ ವರ್ಷದಲ್ಲಿಯೇ ಕೈ ಸೋತಿತು. ಚೆಂಡನ್ನೆಸೆಯುವ ಕ್ರಮವೇ ಬದಲಾಗಿ ಹೋಯಿತು. ಯಾರ ಅಡ್ಡಿಯೂ ಇಲ್ಲದೆ ನಿಂತು ಎಸೆಯುವ ಫ್ರೀ ಥ್ರೋದಲ್ಲಿಯೂ ತೋಳು ನಡುದಾರಿಯಲ್ಲಿ ತಡೆದು ನಿಲ್ಲುತ್ತಿತ್ತು. ಆ ವರ್ಷ ಅವನು ಆಡಿದುದು ೧೪ ಪಂದ್ಯಗಳು ಮಾತ್ರ. ಮರು ವರ್ಷ ೧೯.

ಇಷ್ಟಾಗುವಷ್ಟರಲ್ಲಿ ತೀರ್ಪು ಕೊಡುವವರ ಬಾಯಿ ತೆರೆಯಿತು. ತರುಣನ ಮನಸ್ಸು ದುರ್ಬಲವಾಗಿದೆಯೆಂದು ಕೆಲವರು, ದೊಡ್ಡ ಹೆಸರಿನ ಭಾರಕ್ಕೆ ಕುಗ್ಗಿದನೆಂದು ಕೆಲವರು. ಅವನ ತಪ್ಪಿದ ಎಸೆತಗಳ ಚಿತ್ರಗಳು ಲೋಕದ ವಿನೋದಕ್ಕೆ ವಸ್ತುವಾದುವು. ಕೊನೆಗೆ ೨೦೧೮ರ ಡಿಸೆಂಬರಿನಲ್ಲಿ ತಜ್ಞ ವೈದ್ಯರು ರೋಗವನ್ನು ಗುರುತಿಸಿದರು: ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಣ ಇಕ್ಕಟ್ಟಿನಲ್ಲಿ ನರಗಳು ಅದುಮಿ ಹೋಗಿದ್ದುವು. ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂದು ಅದಕ್ಕೆ ವೈದ್ಯರು ಕೊಟ್ಟಿರುವ ಹೆಸರು. ಬಹು ಜನರು ಮನಸ್ಸಿನಲ್ಲಿ ಹುಡುಕಿದ ದೋಷಕ್ಕೆ ಭುಜದ ಬಳಿಯಲ್ಲಿಯೇ ಹೀಗೆ ಒಂದು ಕಾರಣವು ದೊರೆಯಿತು.

ಆರ್ಲ್ಯಾಂಡೊ ತಂಡದವರು ಮುಂದೆ ಬಂದುದು ಇದಾದ ಎರಡು ತಿಂಗಳಿಗೆ. ಅವರು ಕೊಟ್ಟುದೇನು? ಜೊನಾಥನ್ ಸಿಮನ್ಸ್ ಎಂಬ ಆಟಗಾರನನ್ನು; ೨೦೧೯ರ ಒಂದು ದ್ವಿತೀಯ ಸುತ್ತಿನ ಹಕ್ಕನ್ನು; ಮತ್ತು ೨೦೨೦ರ ಒಂದು ಪ್ರಥಮ ಸುತ್ತಿನ ಹಕ್ಕನ್ನು. ಈ ಕೊನೆಯದು ಅವರ ಸ್ವಂತ ಸರದಿಯಲ್ಲ, ಒಕ್ಲಹೋಮ ಸಿಟಿ ತಂಡದ್ದು. ಮೊದಲ ಇಪ್ಪತ್ತು ಸ್ಥಾನಗಳೊಳಗೆ ಬಿದ್ದರೆ ಅದು ಆ ವರ್ಷ ಕೈಸೇರದೆಂಬ ಕರಾರೂ ಅದಕ್ಕಿತ್ತು. ಸ್ವಾರಸ್ಯವೆಂದರೆ, ಇದೇ ಹುಂಡಿಯನ್ನು ೨೦೧೭ರಲ್ಲಿ ಫಿಲಡೆಲ್ಫಿಯಾದವರೇ ಬೇರೊಂದು ವ್ಯವಹಾರದಲ್ಲಿ ಆರ್ಲ್ಯಾಂಡೊಗೆ ದಾಟಿಸಿದ್ದರು. ಎರಡು ವರ್ಷಗಳಲ್ಲಿ ಅದು ಸುತ್ತಿ ಬಂದು ಹಳೆಯ ಯಜಮಾನನ ಪೆಟ್ಟಿಗೆಯನ್ನೇ ಸೇರಿತು.

ಆರ್ಲ್ಯಾಂಡೊದವರು ತರುಣನನ್ನು ಪಡೆದೊಡನೆ ಅಂಗಳಕ್ಕೆ ನೂಕಲಿಲ್ಲ. ಆ ಋತುವಿನಲ್ಲಿ ಅವನು ಅವರ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಮರು ಋತುವಿನಲ್ಲಿ ೭೨ ಪಂದ್ಯಗಳನ್ನಾಡಿ, ಪಂದ್ಯಕ್ಕೆ ಸರಾಸರಿ ೧೨ ಅಂಕಗಳನ್ನು ಗಳಿಸಿದನು. ೨೦೨೦ರ ಜನವರಿಯಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ಅದರ ಅಂಗಳದಲ್ಲಿಯೇ ಸೋಲಿಸಿದ ದಿನ ಅವನ ಪಾಲಿನವು ೨೧ ಅಂಕಗಳು, ೧೧ ರೀಬೌಂಡುಗಳು, ೧೦ ಅಸಿಸ್ಟುಗಳು. ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ವರ್ಷಗಳಿಗೆ ೫ ಕೋಟಿ ಡಾಲರುಗಳ ಹೊಸ ಕರಾರು ಆಯಿತು. ಆದರೆ ವಿಧಿಯ ಕೋಪವು ಇನ್ನೂ ತಣಿದಿರಲಿಲ್ಲ. ೨೦೨೧ರ ಜನವರಿಯಲ್ಲಿ ಎಡ ಮೊಣಕಾಲಿನ ಲಿಗಮೆಂಟು ಹರಿಯಿತು. ಮತ್ತೆ ಒಂದು ವರ್ಷಕ್ಕೂ ಮಿಗಿಲಾದ ಕಾಯುವಿಕೆ. ಆ ಮೇಲೂ ಎದ್ದುಬಂದು, ೨೦೨೨-೨೩ರಲ್ಲಿ ೬೦ ಪಂದ್ಯಗಳಲ್ಲಿ ಸರಾಸರಿ ೧೪ ಅಂಕಗಳನ್ನು ಗಳಿಸಿದನು. ೨೦೨೪ರಲ್ಲಿ ಅವನು ಆ ತಂಡವನ್ನು ಬಿಟ್ಟನು.

ಇನ್ನು ಎದುರು ಪಕ್ಷದವರ ವಾದವನ್ನು ಮರೆಮಾಚುವುದು ನ್ಯಾಯವಲ್ಲ. ಆ ಸುತ್ತಾಡಿದ ಹುಂಡಿಯು ೨೦೨೦ರಲ್ಲಿ ಇಪ್ಪತ್ತೊಂದನೆಯ ಸರದಿಯಾಗಿ ಫಲಿಸಿತು. ಅದರಿಂದ ಫಿಲಡೆಲ್ಫಿಯಾದವರು ಆರಿಸಿದವನು ಟೈರೀಸ್ ಮ್ಯಾಕ್ಸಿ. ಅವನು ೨೦೨೩-೨೪ರಲ್ಲಿ ಪಂದ್ಯಕ್ಕೆ ಸುಮಾರು ೨೬ ಅಂಕಗಳಂತೆ ಗಳಿಸಿ, ಅತ್ಯಧಿಕ ಪ್ರಗತಿ ತೋರಿದ ಆಟಗಾರನೆಂಬ ಕೂಟದ ಪುರಸ್ಕಾರವನ್ನು ಪಡೆದನು. ಜಮಾ-ಖರ್ಚಿನ ಪುಸ್ತಕವನ್ನು ಮಾತ್ರ ನೋಡುವವನು, ಆರ್ಲ್ಯಾಂಡೊದವರು ವಜ್ರವನ್ನು ಕೊಟ್ಟು ಸ್ಫಟಿಕವನ್ನು ತಂದರೆಂದು ಹೇಳಿದರೆ ಆಶ್ಚರ್ಯವಿಲ್ಲ.

ಆದರೆ ಈ ವಾದದಲ್ಲಿ ಒಂದು ದೊಡ್ಡ ಲೋಪವಿದೆ. ಇಪ್ಪತ್ತೊಂದನೆಯ ಸರದಿಯೆಂದರೆ ಮ್ಯಾಕ್ಸಿಯಲ್ಲ. ಅವನಿಗಿಂತ ಮೊದಲು ಆರಿಸುವ ಅವಕಾಶವು ಇಪ್ಪತ್ತು ಸಲ ಬಂದಿತ್ತು. ಇಪ್ಪತ್ತು ಸಲವೂ ಅವನ ಹೆಸರನ್ನು ಯಾರೂ ಹೇಳಲಿಲ್ಲ. ಬಿತ್ತನೆಯ ದಿನದ ವಿವೇಕವನ್ನು ಸುಗ್ಗಿಯ ದಿನದ ಕಣದಲ್ಲಿ ನಿಂತು ಅಳೆಯುವುದು ಸುಲಭ. ೨೦೧೯ರ ಆ ದಿನ ತಕ್ಕಡಿಯ ಒಂದು ತಟ್ಟೆಯಲ್ಲಿದ್ದುದು ಕರಾರಿಗೆ ಒಳಪಟ್ಟ, ಹೆಸರಿಲ್ಲದ, ಕೆಳಗಿನ ಸರದಿ. ಇನ್ನೊಂದರಲ್ಲಿದ್ದುದು ಕಣ್ಣಾರೆ ಕಂಡ ಪ್ರತಿಭೆ ಮತ್ತು ಕಾರಣ ಗೊತ್ತಾದ ಒಂದು ವ್ಯಾಧಿ. ಕೊಳ್ಳುವವರು ಲೋಕದ ನಗೆಯನ್ನು ಕೇಳದೆ ಕಾರಣವನ್ನು ಕೇಳಿದರು; ಶಕ್ತಿ ಮೀರಿದ ಬೆಲೆಯನ್ನು ಕೊಡಲಿಲ್ಲ; ಕೊಟ್ಟ ಮೇಲೆ ಕಾಯುವ ತಾಳ್ಮೆಯನ್ನು ತೋರಿದರು. ಈ ಮೂರೂ ಕೂಡಿದ ವ್ಯವಹಾರವನ್ನು ನಾವು ಅವಿವೇಕವೆಂದು ಸರ್ವಥಾ ಕರೆಯಲಾರೆವು. ಫಲವು ಕೈಮೀರಿದುದು, ನಿರ್ಣಯದ ಕ್ರಮವು ಮಾತ್ರ ಕೈಯೊಳಗಣದು.

ಫಿಲಡೆಲ್ಫಿಯಾದವರು ೨೦೧೯ರಲ್ಲಿ ಲಾಭವನ್ನೇ ಪಡೆದರು. ಅದನ್ನು ಅವರಿಗೆ ಸಲ್ಲಿಸೋಣ. ಅವರ ನಷ್ಟವು ೨೦೧೭ರದು. ಎರಡು ಹೆಜ್ಜೆ ಮೇಲೇರುವುದಕ್ಕಾಗಿ ಕೊಟ್ಟ ಅಧಿಕ ಬೆಲೆಯು ತಂಡದ ಹೊರೆಯಾಗದೆ ಹತ್ತೊಂಬತ್ತು ವರ್ಷದ ಹುಡುಗನ ಹೆಗಲ ಮೇಲೆ ಬಿದ್ದಿತು. ಬೆಲೆ ತೆತ್ತವರು ಫಲಕ್ಕೆ ಅವಸರಪಡುವುದು ಸಹಜ; ಆದರೆ ಅವಸರವು ಯಾವ ನರದ ಗಂಟನ್ನೂ ಬಿಡಿಸಲಾರದು.

ನಮ್ಮಲ್ಲಿ ಸರದಿಯ ಹಕ್ಕುಗಳ ವ್ಯಾಪಾರವಿಲ್ಲದಿರಬಹುದು. ಎಡವಿದ ತರುಣರಿಗೆ ಮಾತ್ರ ಕೊರತೆಯಿಲ್ಲ. ನಿನ್ನೆ ಮೊದಲನೆಯವನಾಗಿದ್ದ ಹುಡುಗನು ಇಂದು ಹಿಂದೆ ಬಿದ್ದರೆ, ಸೋಮಾರಿಯಾದನೆಂದೂ ಗರ್ವದಿಂದ ಕೆಟ್ಟನೆಂದೂ ಮನೆಯವರೂ ಊರವರೂ ಕೂಡಲೇ ತೀರ್ಪು ಕೊಡುತ್ತಾರೆ. ಆ ತೀರ್ಪಿಗೆ ಮುಂಚೆ ಒಂದು ಪ್ರಶ್ನೆಯನ್ನು ಕೇಳುವುದು ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ: ಅವನಿಗೆ ನೋವೆಲ್ಲಿದೆ? ಉತ್ತರವು ದೊರೆತ ಮೇಲೆ, ಅವನನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬ ಲೆಕ್ಕವನ್ನು ಬೇಕಾದವರು ಮಾಡಲಿ. ಪ್ರಶ್ನೆಯನ್ನೇ ಕೇಳದವನಿಗೆ ಲೆಕ್ಕ ಮಾಡುವ ಅಧಿಕಾರವಿಲ್ಲ.