ಜೇಬಿನೊಳಗಿನ ಯುದ್ಧ: ಒಂದು ತಕರಾರು

ಬಣ್ಣದ ಬೊಂಬೆಗಳು ತೆರೆಯ ಮೇಲೆ ಕುಣಿದ ಮಾತ್ರಕ್ಕೆ ಅದು ಮಕ್ಕಳ ಪಾಲಿನದೆಂದು ತೀರ್ಪಿತ್ತು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ವಿದ್ಯಾವಂತರಲ್ಲಿ ಬಲವಾಗಿದೆ. ಜಪಾನೀಯರು ‘ಆನಿಮೆ’ ಎಂದು ಕರೆಯುವ ಚಿತ್ರಗಳ ವಿಷಯದಲ್ಲಂತೂ ಈ ತೀರ್ಪು ನೋಡುವುದಕ್ಕೆ ಮೊದಲೇ ಹೊರಬೀಳುತ್ತದೆ. ಇತ್ತ, ಅವನ್ನು ಹಗಲಿರುಳು ನೋಡುವ ನನ್ನ ವಿದ್ಯಾರ್ಥಿಗಳದು ಇನ್ನೊಂದು ಅತಿ. ಅವರಲ್ಲಿ ಕೆಲವರಿಗೆ ‘ಜೇಬಿನೊಳಗಿನ ಯುದ್ಧ’ ಎಂಬ ಸಣ್ಣ ಮಾಲಿಕೆ ದೋಷವೇ ಇಲ್ಲದ ಕೃತಿ. ಉಳಿದವರಿಗೆ ಅದು ಹೊಡೆದಾಟವಿಲ್ಲದ ಸಪ್ಪೆ ಸಾರು. ಈ ಮೂರು ಪಕ್ಷಗಳಲ್ಲಿ ಯಾವುದೂ ನನಗೆ ಒಪ್ಪಿಗೆಯಿಲ್ಲ.

ವಿಷಯ ತಿಳಿಯದವರಿಗಾಗಿ ಎರಡು ಮಾತು. ಒಳಗೆ ಮನುಷ್ಯ ಕುಳಿತು ನಡೆಸುವ ದೈತ್ಯಾಕಾರದ ಯುದ್ಧಯಂತ್ರಗಳ ಕಥೆಗಳಿಗೆ ‘ಮೆಕಾ’ ಎಂದು ಹೆಸರು. 1979ರಲ್ಲಿ ತೊಮಿನೊ ಯೊಶಿಯುಕಿ ನಿರ್ದೇಶಿಸಿದ ‘ಗುಂಡಮ್’ ಈ ಜಾತಿಯಲ್ಲಿ ಬಹು ಪ್ರಸಿದ್ಧ. ಅದರ ಹತ್ತನೆಯ ವರ್ಷಕ್ಕೆ, 1989ರ ಮಾರ್ಚಿನಿಂದ ಆಗಸ್ಟಿನವರೆಗೆ, ಆರು ಕಂತುಗಳ ಈ ಕಿರುಮಾಲಿಕೆ ವಿಡಿಯೊ ರೂಪದಲ್ಲಿ ಮಾರಾಟಕ್ಕೆ ಬಂದಿತು. ನಿರ್ದೇಶನ ತಕಯಾಮ ಫುಮಿಹಿಕೊ, ಕಥಾರಚನೆ ಯಮಗ ಹಿರೊಯುಕಿ. ತೊಮಿನೊ ಅಲ್ಲದವರು ನಿರ್ದೇಶಿಸಿದ ಮೊದಲ ಗುಂಡಮ್ ಇದೇ.

ಕಥೆ ಸರಳ. ಬಾಹ್ಯಾಕಾಶದಲ್ಲಿ ಕಟ್ಟಿದ, ಯಾರ ಕಡೆಗೂ ಸೇರದ ಒಂದು ವಸಾಹತು. ಅಲ್ಲಿ ಆಲ್ ಎಂಬ ಹತ್ತು ಹನ್ನೊಂದರ ಹುಡುಗ. ತಂದೆ ಬೇರೆ ವಾಸ, ತಾಯಿ ಹೈರಾಣ, ಶಾಲೆ ಬೇಸರ. ಯುದ್ಧವೊಂದೇ ಅವನಿಗೆ ಸೊಗಸು. ಆಕಾಶದಿಂದ ಉರುಳಿದ ಜಾಕು ಎಂಬ ಯಂತ್ರದೊಳಗಿಂದ ಬರ್ನಿ ಎಂಬ ಜಿಯಾನ್ ಪಕ್ಷದ ಎಳೆ ಸೈನಿಕ ಹೊರಬಂದಾಗ ಹುಡುಗನಿಗೆ ದೇವರೇ ಪ್ರತ್ಯಕ್ಷನಾದಂತೆ. ಅವನಿಂದ ಸಿಕ್ಕ ಸೇನಾಪಟ್ಟಿ ಆಲ್‌ಗೆ ರತ್ನ. ಬರ್ನಿಯೂ ಹುಡುಗನೆದುರು ಬಡಾಯಿ ಕೊಚ್ಚುತ್ತಾನೆ. ಅವನ ತಂಡದ ಕೆಲಸವೆಂದರೆ ಎದುರು ಪಕ್ಷವು ಆ ಊರಿನಲ್ಲಿ ಗುಟ್ಟಾಗಿ ಇಟ್ಟಿರುವ ಹೊಸ ಗುಂಡಮನ್ನು ನಾಶಮಾಡುವುದು. ಅದನ್ನು ನಡೆಸುವವಳು ಆಲ್‌ನ ನೆರೆಮನೆಯ ಕ್ರಿಸ್ಟಿನಾ. ಇದು ಆಲ್‌ಗೂ ಗೊತ್ತಿಲ್ಲ, ಅವಳಲ್ಲಿ ಮನಸ್ಸಿಟ್ಟ ಬರ್ನಿಗೂ ಗೊತ್ತಿಲ್ಲ.

ಹೊಡೆದಾಟ ಸಾಲದೆಂದು ಮೂಗು ಮುರಿಯುವವರಿಗೆ ನನ್ನ ಉತ್ತರ ಒಂದೇ: ಕೊನೆಯ ಕಂತನ್ನು ಇನ್ನೊಮ್ಮೆ ನೋಡಿರಿ. ತಂಡವೆಲ್ಲ ಸತ್ತ ಮೇಲೆ ಬರ್ನಿ ಓಡಿಹೋಗಬಹುದಿತ್ತು. ಓಡಲು ಹೊರಟೂ ಇದ್ದ. ಗುಂಡಮ್ ಉಳಿದರೆ ಜಿಯಾನ್ ಸೇನೆ ಊರಿನ ಮೇಲೆ ಅಣುಬಾಂಬು ಹಾಕುವುದೆಂಬ ಭಯಕ್ಕೆ ಮರಳಿ ಬಂದು, ಮುರಿದ ಜಾಕುವನ್ನು ಆಲ್‌ನೊಡನೆ ರಿಪೇರಿ ಮಾಡಿ ಕ್ರಿಸ್‌ಮಸ್ ದಿನ ಕಾಳಗಕ್ಕಿಳಿಯುತ್ತಾನೆ. ಬಾಂಬು ಹೊತ್ತ ಹಡಗುಗಳು ಅಷ್ಟು ಹೊತ್ತಿಗೆ ಶತ್ರುವಿನ ಕೈಸೇರಿವೆ. ಕಾಳಗಕ್ಕೆ ಕಾರಣವೇ ಉಳಿದಿಲ್ಲ. ಸುದ್ದಿ ತಿಳಿದ ಆಲ್ ಕೂಗುತ್ತ ಓಡುವುದರೊಳಗೆ ಬರ್ನಿ ಸತ್ತಾಗಿದೆ. ಗುಂಡಮಿನ ಒಳಗಿಂದ ಎತ್ತಿ ತಂದವಳು ನೆರೆಮನೆಯ ಅಕ್ಕ.

ಪಂಪನ ಕರ್ಣನನ್ನು ತರಗತಿಯಲ್ಲಿ ವರ್ಷ ವರ್ಷ ಪಾಠ ಹೇಳಿದವನಿಗೆ ಇಲ್ಲಿ ಗಂಟಲು ಕಟ್ಟದಿದ್ದರೆ ಹೇಗೆ? ತಾನು ಕೊಂದವನು ಯಾರೆಂದು ಕೊಂದವಳಿಗೆ ತಿಳಿಯದು. ವರ್ಗವಾಗಿ ಹೊರಟ ಕ್ರಿಸ್ಟಿನಾ, ಬರ್ನಿಗೆ ನನ್ನ ವಿದಾಯ ತಿಳಿಸೆಂದು ಆಲ್‌ಗೆ ಹೇಳುತ್ತಾಳೆ. ಕುರುಕ್ಷೇತ್ರ ಮುಗಿದ ಮೇಲಾದರೂ ಕುಂತಿ ಬಾಯಿಬಿಟ್ಟಳು. ಈ ಬಾಲಕ ಬಿಡುವುದಿಲ್ಲ. ಗುಂಡಮ್ ನಡೆಸುವವನನ್ನು ದ್ವೇಷಿಸಬೇಡವೆಂದು ಬರ್ನಿ ಅವನಿಗೆ ಧ್ವನಿ-ಚಿತ್ರದಲ್ಲಿ ಹೇಳಿಹೋಗಿದ್ದಾನೆ. ಆ ಮಾತಿನ ಭಾರವನ್ನು ಹನ್ನೊಂದರ ಹೆಗಲು ಹೊತ್ತುಕೊಂಡು ಸುಮ್ಮನೆ ನಿಲ್ಲುತ್ತದೆ. ಇದನ್ನು ಮಕ್ಕಳಾಟವೆನ್ನುವ ಪ್ರಾಜ್ಞರು ತಾವು ಮೆಚ್ಚಿದ ಎಷ್ಟು ಯುದ್ಧಕಾದಂಬರಿಗಳಲ್ಲಿ ಇಂಥ ಮೌನ ಕಂಡಿದ್ದಾರೆಂದು ಕೇಳಬಯಸುತ್ತೇನೆ.

ಈಗ ಹೊಗಳುಭಟರ ಸರದಿ. ನೆರೆಮನೆಯವಳೇ ಗುಂಡಮಿನ ಚಾಲಕಿಯಾಗುವ ಆಕಸ್ಮಿಕವನ್ನು ನಾನು ಕ್ಷಮಿಸಬಲ್ಲೆ. ದುರಂತಕ್ಕೆ ಅಷ್ಟು ಸಾಲ ಕೊಡುವುದು ವಾಡಿಕೆ. ಕ್ರಿಸ್ಟಿನಾಳನ್ನು ನಗುಮುಖದ ಚಿತ್ರಪಟವಾಗಿ ಬಿಟ್ಟದ್ದನ್ನು ಅಷ್ಟು ಸುಲಭವಾಗಿ ಕ್ಷಮಿಸಲಾರೆ. ಕಥೆಯ ಕತ್ತಿಯ ಅಲಗು ಅವಳು. ಅವಳ ಮನಸ್ಸಿನೊಳಗೆ ನಮಗೆ ಪ್ರವೇಶವೇ ಇಲ್ಲ.

ಇದಕ್ಕಿಂತ ದೊಡ್ಡ ಲೋಪ ಬೇರೆ. ಜಿಯಾನ್ ಎಂದರೆ ಯಾರು? 1979ರ ಮೂಲಕಥೆಯಲ್ಲಿ, ಯುದ್ಧದ ಮೊದಲ ತಿಂಗಳಲ್ಲೇ ಇಬ್ಬದಿಯ ಜನರಲ್ಲಿ ಅರ್ಧದಷ್ಟು ಮಂದಿ ಅಳಿದರು. ಒಂದು ಇಡೀ ವಸಾಹತನ್ನೇ ಭೂಮಿಯ ಮೇಲೆ ಕೆಡವಿದವರು ಈ ಜಿಯಾನಿಗರು. ಬರ್ನಿ ತೊಟ್ಟಿರುವುದು ಆ ಸೇನೆಯ ಸಮವಸ್ತ್ರ. ತಾನು ಯಾರಿಗಾಗಿ ಬಂದೂಕು ಹಿಡಿದೆನೆಂಬ ಪ್ರಶ್ನೆ ಅವನನ್ನು ಕಾಡಿದ ಕುರುಹಿಲ್ಲ. ಎಲ್ಲವೂ ಮಗುವಿನ ಕಣ್ಣಿನಿಂದ ಕಂಡದ್ದು, ಮಗುವಿಗೆ ರಾಜಕೀಯವೇಕೆ ಎಂದು ಅಭಿಮಾನಿಗಳ ಸಮರ್ಥನೆ. ಆಲ್‌ನ ಮಟ್ಟಿಗೆ ಸರಿ. ಬರ್ನಿ ಮಗುವಲ್ಲ. ಒಳ್ಳೆಯ ಹುಡುಗರು ಕೆಟ್ಟ ದಂಡಿನಲ್ಲಿರುತ್ತಾರೆಂಬುದು ನಿಜ. ದಂಡನ್ನು ಮರೆಸಿ ಹುಡುಗನನ್ನಷ್ಟೇ ತೋರಿಸಿದರೆ ಆ ನಿಜದ ಅರ್ಧಭಾಗ ಕಳೆದುಹೋಗುತ್ತದೆ.

ಮತ್ತೆ ಆ ಯಂತ್ರಗಳು! ಉತ್ತರಧ್ರುವದ ಹಿಮದಲ್ಲಿ ಮೊದಲ ಕಂತಿನ ದಾಳಿಯನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾರೆ! ಯುದ್ಧ ಬೇಡವೆನ್ನುವ ಕೈಯೇ ಯುದ್ಧಯಂತ್ರದ ಮೈಗೆ ಮೆರುಗು ತಿಕ್ಕಿದೆ. ಇದು ಕಲಾವಿದನ ಚಾಪಲ್ಯ ಮಾತ್ರವಲ್ಲ. 1980ರಿಂದ ಬಂಡಾಯ್ ಕಂಪನಿ ಗುಂಡಮಿನ ಜೋಡಿಸುವ ಬೊಂಬೆಗಳನ್ನು ಮಾರುತ್ತಿದೆ. ಈ ಮಾಲಿಕೆಯ ಯಂತ್ರಗಳೂ ಅದೇ 1989ರಲ್ಲಿ ಡಬ್ಬಿಗಳಲ್ಲಿ ಅಂಗಡಿಗೆ ಬಂದವು.

ಸೇನಾಪಟ್ಟಿಗೆ ಹಂಬಲಿಸುವ ಆಲ್‌ನನ್ನು ತೋರಿಸಿ, ಇಂಥ ಹಂಬಲ ಎಲ್ಲಿಗೆ ಮುಟ್ಟಿಸುತ್ತದೆ ನೋಡಿರೆಂದು ಹೇಳುವ ಕಥೆ ಇದು. ಕೊನೆಯ ದೃಶ್ಯದಲ್ಲಿ ಶಾಲೆಯ ಸಭೆ, ಯುದ್ಧ ಮುಗಿದಿದೆ, ಆಲ್ ತಡೆಯಲಾರದೆ ಬಿಕ್ಕಿ ಅಳುತ್ತಾನೆ. ಅಳುವಿನ ಕಾರಣವರಿಯದ ಗೆಳೆಯರು, ಅಳಬೇಡವೋ, ಬೇಗನೆ ಇನ್ನೊಂದು ಯುದ್ಧ ಬಂದೀತು, ಇದಕ್ಕಿಂತ ದೊಡ್ಡದು ಎಂದು ಸಮಾಧಾನ ಹೇಳುತ್ತಾರೆ. ಆ ಗೆಳೆಯರು ಮಾರನೆಯ ದಿನ ಅಂಗಡಿಗೆ ಹೋದರೆ ಕೊಳ್ಳುವುದು ಯಾವ ಡಬ್ಬಿಯನ್ನು ಎಂಬುದನ್ನು ಅಭಿಮಾನಿಗಳು ನನಗೆ ಹೇಳಲಿ.