ಬಿಡುವಿನ ಬೆಂಚು: ಕಿಲುಬು ತೆಗೆಯದೆ ಬೆಸುಗೆಯಿಲ್ಲ



ದೀಪಾವಳಿ ಹತ್ತಿರ ಬಂತೆಂದರೆ ಊರಿನಿಂದ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದ ಹಿತ್ತಾಳೆ ದೀಪಗಳು ನಮ್ಮೆಲ್ಲರ ಮನೆಯ ಕಪಾಟಿನಿಂದ ಹೊರಬರುತ್ತವೆ. ವರ್ಷವಿಡೀ ಮೂಲೆಯಲ್ಲಿ ಕೂತು ಮಂಕಾದ ದೀಪಕ್ಕೆ ನೆನೆಸಿದ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಸದರಂತೆ ಹೊಳೆಯುತ್ತದೆ. ಇದು ಗೊತ್ತಿದ್ದರೆ ಈ ಸಲದ ಅಂಕಣದ ಅರ್ಧ ಪಾಠ ನಿಮಗೆ ಆಗಲೇ ಬಂದಂತೆ!

ಹೋದ ಸಂಚಿಕೆಯಲ್ಲಿ ಪುಟಾಣಿ ರೈಲಿಗೆ ಹಳಿ ಹಾಸುವುದರ ಬಗ್ಗೆ ಬರೆದಿದ್ದೆ. ಓದಿದ ಕೆಲವರು ಫೋನ್ ಮಾಡಿ, "ಡಾಕ್ಟ್ರೇ, ಹಿತ್ತಾಳೆಯ ಇಂಜಿನ್ ಕಿಟ್ ತಂದಿದ್ದೇವೆ. ಎಷ್ಟು ಒತ್ತಿ ಹಿಡಿದರೂ ಬೆಸುಗೆ ನಿಲ್ಲುವುದೇ ಇಲ್ಲ" ಎಂದು ದೂರು ಹೇಳಿದರು. ಅವರಿಗೆಲ್ಲ ಒಟ್ಟಿಗೆ ಉತ್ತರ ಇಲ್ಲಿದೆ.

ನನ್ನ ಮೊದಲ ಕಿಟ್ ಒಂದು ಪ್ಯಾನಿಯರ್ ಟ್ಯಾಂಕ್ ಇಂಜಿನ್. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಈ ಇಂಜಿನ್ನಿನಲ್ಲಿ ನೀರಿನ ತೊಟ್ಟಿಗಳು ಬಾಯ್ಲರಿನ ಎರಡು ಪಕ್ಕಕ್ಕೂ ಕತ್ತೆಯ ಬೆನ್ನಿಗೆ ಹೇರು ತೂಗುಹಾಕಿದಂತೆ ಇರುತ್ತವೆ. ಇವುಗಳಲ್ಲಿ 5700 ಎಂಬ ವರ್ಗದವನ್ನೇ 1929ರಿಂದ 1950ರವರೆಗೆ 863 ಕಟ್ಟಿದರು. ನಾನು ಕಟ್ಟಿದ್ದು ಡಬಲ್ ಓ ಅಳತೆಯದು, ಅಂದರೆ ನಿಜವಾದ ಒಂದು ಅಡಿಗೆ 4 ಮಿಲಿಮೀಟರ್. ಮೂರು ತಿಂಗಳು ಕೂತು ಜೋಡಿಸಿ, ಹಸಿರು ಬಣ್ಣ ಬಳಿದು, ಬಂದವರಿಗೆಲ್ಲ ತೋರಿಸಿದೆ. ಆರು ತಿಂಗಳಲ್ಲಿ ಸಂದುಗಳ ಬಣ್ಣ ಗುಳ್ಳೆಯೆದ್ದು ಸುಲಿಯಿತು, ಒಳಗೆ ಹಸಿರು ಕಿಲುಬು. ಒಂದು ತೊಟ್ಟಿ ಕೈಗೇ ಬಂತು. ಕಿಟ್ಟಿನ ತಪ್ಪೇನೂ ಇರಲಿಲ್ಲ. ಬೆಸುಗೆಗೆ ಮೊದಲೂ ನಾನು ಸರಿಯಾಗಿ ತೊಳೆದಿರಲಿಲ್ಲ, ಆಮೇಲೂ ತೊಳೆದಿರಲಿಲ್ಲ. ಆಪರೇಷನ್ ಉಪಕರಣಗಳನ್ನು ಮೊದಲು ಉಜ್ಜಿ ತೊಳೆಯದೆ ಆಟೊಕ್ಲೇವಿಗೆ ಹಾಕಬಾರದೆಂದು ವಿದ್ಯಾರ್ಥಿಗಳಿಗೆ ಹೇಳುವ ಮನುಷ್ಯ ನಾನು!

ಈಗ ಕಾರಣ ನೋಡೋಣ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಗಾಳಿ ತಗುಲಿದರೆ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಜೊತೆಗೆ ನಮ್ಮ ಬೆರಳಿನ ಜಿಡ್ಡು. ಕರಗಿದ ಸಾಲ್ಡರ್ ಲೋಹಕ್ಕೆ ಅಂಟುತ್ತದೆಯೇ ಹೊರತು ಆಕ್ಸೈಡಿಗಲ್ಲ. ಎಣ್ಣೆ ಹಚ್ಚಿದ ಕಾವಲಿಯ ಮೇಲೆ ನೀರಿನ ಹನಿ ಉರುಳಿದಂತೆ ಅದು ಗುಂಡಗಾಗಿ ಉರುಳುತ್ತದೆ.

ಹುಣಸೆಹಣ್ಣಿನ ಆಮ್ಲ ಕರಗಿಸುವುದು ಈ ಪೊರೆಯನ್ನೇ. ನಮ್ಮ ಕಿಟ್ಟಿನ ಹಾಳೆಗೆ ಬಿಸಿನೀರಿನಲ್ಲಿ ಕರಗಿಸಿದ ಒಂದು ಚಮಚ ನಿಂಬೆ ಉಪ್ಪು ಸಾಕು. ಐದು ನಿಮಿಷ ಅದ್ದಿ, ತೊಳೆದು, ಒರೆಸಿ. ರಾತ್ರಿಯೆಲ್ಲ ನೆನೆಸಬೇಡಿ. ಆಮ್ಲ ಸತುವನ್ನು ಎಳೆದುಕೊಂಡು ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೆಸುಗೆ ಬೀಳುವ ಅಂಚನ್ನು ಗ್ಲಾಸ್ ಫೈಬರ್ ಪೆನ್ಸಿಲ್ಲಿನಿಂದ ಉಜ್ಜಬಹುದು. ಆದರೆ ಅದರ ಎಳೆಗಳು ಮುರಿದು ಬೆರಳಿಗೆ ಚುಚ್ಚುತ್ತವೆ, ಕಣ್ಣಿಗೂ ಹಾರುತ್ತವೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕೆಳಗೆ ಒದ್ದೆ ಕಾಗದ ಹಾಸಿ, ಕೆಲಸ ಮುಗಿದ ಮೇಲೆ ಮಡಿಸಿ ಕಸಕ್ಕೆ ಹಾಕಿ. ಊದಬೇಡಿ. ಚರ್ಮಕ್ಕೆ ಚುಚ್ಚಿದ ಎಳೆಯನ್ನು ಅಂಟುಪಟ್ಟಿ ಒತ್ತಿ ಎತ್ತಿ.

ಚೊಕ್ಕಟ ಮಾಡಿದ ಲೋಹವೂ ಕಾಯಿಸಿದೊಡನೆ ಮತ್ತೆ ಪೊರೆ ಕಟ್ಟುತ್ತದೆ. ಅದಕ್ಕೇ ಫ್ಲಕ್ಸ್ ಬೇಕು. ಊರಿನ ಬೀದಿಯಲ್ಲಿ ಕಲಾಯಿಗಾರ ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಲ್ಲಿ ಒಂದೇ ಸುತ್ತಿಗೆ ಒರೆಸುತ್ತಿದ್ದದ್ದು ನೆನಪಿದೆಯೇ? ಆ ನವಸಾಗರವೇ ಅವನ ಫ್ಲಕ್ಸ್. ಹಿತ್ತಾಳೆ ಕಿಟ್ಟಿಗೆ ನೀರಿನಂತಿರುವ ಫಾಸ್ಫಾರಿಕ್ ಆಮ್ಲದ ಫ್ಲಕ್ಸ್ ಒಳ್ಳೆಯದು. ಹಳಿಗೆ ವಿದ್ಯುತ್ ತಂತಿ ಬೆಸೆಯುವಾಗ ಮಾತ್ರ ಅದನ್ನು ಮುಟ್ಟಬೇಡಿ. ಉಳಿದ ಆಮ್ಲ ತಂತಿಯನ್ನು ತಿನ್ನುತ್ತದೆ. ಅಲ್ಲಿಗೆ ಪೈನ್ ಮರದ ರಾಳದ ಫ್ಲಕ್ಸೇ ಸರಿ.

ಇನ್ನು ಬೆಸುಗೆ. ಎಲ್ಲರೂ ಮಾಡುವ ತಪ್ಪು ಒಂದೇ. ಸಾಲ್ಡರನ್ನು ಐರನ್ನಿನ ತುದಿಯಲ್ಲಿ ಕರಗಿಸಿ, ತಣ್ಣನೆಯ ಲೋಹದ ಮೇಲೆ ಬೆಣ್ಣೆ ಸವರಿದಂತೆ ಸವರುವುದು. ಕಾಯಬೇಕಾದದ್ದು ಲೋಹ. ಮೊದಲು ಎರಡು ಅಂಚಿಗೂ ಕಲಾಯಿಯಂತೆ ತೆಳ್ಳಗೆ ಸಾಲ್ಡರ್ ಹಿಡಿಸಿ. ಜೋಡಿಸಿ, ಫ್ಲಕ್ಸ್ ಹಚ್ಚಿ, ಐರನ್ನನ್ನು ಲೋಹಕ್ಕೆ ಮುಟ್ಟಿಸಿ ಕಾಯಿರಿ. ಸಾಲ್ಡರ್ ತಾನಾಗಿ ಸಂದಿನೊಳಗೆ ಓಡುತ್ತದೆ. ಆಮೇಲೆ ಅದು ಗಟ್ಟಿಯಾಗುವವರೆಗೆ ಅಲುಗಾಡಿಸಬೇಡಿ. ಅಕ್ಕಿ ಕಾಳಿನಷ್ಟು ಸಾಲ್ಡರ್ ಕೂಡ ಹೆಚ್ಚೇ.

ಸಣ್ಣ ಮಾದರಿಗೆ ಸಣ್ಣ ಐರನ್ ಸಾಕೆಂದು ನಾನು 15 ವ್ಯಾಟಿನದು ತಂದಿದ್ದೆ. ಹಿತ್ತಾಳೆ ಹಾಳೆ ಬಿಸಿಯನ್ನು ಸರಸರ ಎಳೆದುಕೊಳ್ಳುತ್ತದೆ. ಬಡಕಲು ಐರನ್ನನ್ನು ನಿಮಿಷಗಟ್ಟಲೆ ಹಿಡಿದರೆ ಹಾಳೆಯೆಲ್ಲ ಕಾದು, ಹಿಂದೆ ಹಾಕಿದ ಬೆಸುಗೆಗಳೂ ಬಿಡುತ್ತವೆ. ಉಷ್ಣತೆ ನಿಯಂತ್ರಿಸುವ 50 ವ್ಯಾಟಿನದು ಎರಡು ಕ್ಷಣದಲ್ಲಿ ಕೆಲಸ ಮುಗಿಸುತ್ತದೆ.

ಸಾಲ್ಡರ್‌ಗಳಲ್ಲೂ ಭೇದವಿದೆ. ತವರ ಮತ್ತು ಸೀಸ ಬೆರೆತದ್ದು 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗತೊಡಗುತ್ತದೆ. ತವರಕ್ಕೆ ಸ್ವಲ್ಪ ತಾಮ್ರ ಬೆರೆಸಿದ ಸೀಸರಹಿತ ಸಾಲ್ಡರಿಗೆ 227 ಡಿಗ್ರಿ ಬೇಕು. ಚಿಮಣಿಯಂಥ ಬಿಳಿ ಲೋಹದ ಎರಕದ ತುಂಡುಗಳಿಗೆ ಸುಮಾರು 70 ಡಿಗ್ರಿಯಲ್ಲೇ ಕರಗುವುದುಂಟು. ಅದು ಹಿತ್ತಾಳೆಗೆ ನೇರವಾಗಿ ಚೆನ್ನಾಗಿ ಹಿಡಿಯುವುದಿಲ್ಲ. ಮೊದಲು ಹಿತ್ತಾಳೆಗೆ ಮಾಮೂಲಿ ಸಾಲ್ಡರಿನ ಕಲಾಯಿ ಕೊಡಿ. ಹೆಚ್ಚು ಬಿಸಿಯ ಬೆಸುಗೆ ಮೊದಲು, ಕಡಿಮೆ ಬಿಸಿಯದು ಕೊನೆಗೆ. ಈ ಕ್ರಮ ತಪ್ಪಿಸಬೇಡಿ.

ಪ್ರತಿ ದಿನದ ಕೆಲಸ ಮುಗಿದೊಡನೆ ತೊಳೆಯಿರಿ. ಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಹಾಕಿದರೆ ಉಳಿದ ಆಮ್ಲ ಸಾಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ಉಜ್ಜಿ, ಚೆನ್ನಾಗಿ ಜಾಲಿಸಿ, ಒಣಗಿಸಿ. ಆಮೇಲೆ ಬಣ್ಣ ಬಳಿಯುವವರೆಗೆ ಬರಿಗೈಯಲ್ಲಿ ಮುಟ್ಟಬೇಡಿ.

ಕೊನೆಗೆ ವೈದ್ಯನ ಮಾತು. ಒಂದು ಚಳಿಗಾಲವಿಡೀ ನನಗೆ ಒಣಕೆಮ್ಮು. ಕೆಮ್ಮಿಕೊಂಡು ಬಂದ ರೋಗಿಯನ್ನು "ಏನು ಕೆಲಸ ಮಾಡ್ತೀರಿ? ಬಿಡುವಿನಲ್ಲಿ ಏನು ಹವ್ಯಾಸ?" ಎಂದು ಕೇಳುವ ನಾನು, ಆ ಪ್ರಶ್ನೆಯನ್ನು ನನಗೆ ಕೇಳಿಕೊಂಡಿರಲಿಲ್ಲ. ಕೇಳಿದ್ದು ನನ್ನ ಹೆಂಡತಿ. "ರೀ, ನೀವು ಕೆಮ್ಮೋದು ರೈಲಿನ ಕೋಣೆಯಿಂದ ಬಂದ ರಾತ್ರಿ ಮಾತ್ರ, ಗಮನಿಸಿದ್ದೀರಾ?" ಗಮನಿಸಿರಲಿಲ್ಲ. ಕಿಟಕಿ ಮುಚ್ಚಿ, ಹೊಗೆಯ ಮೇಲೆ ಮುಖ ಬಾಗಿಸಿ, ತಿಂಗಳುಗಟ್ಟಲೆ ಹಳಿಗೆ ತಂತಿ ಬೆಸೆಯುತ್ತಿದ್ದೆ. ಆ ರಾಳದ ಹೊಗೆಯಿಂದ ಆಸ್ತಮಾ ಬರುತ್ತದೆಂದು ವೈದ್ಯಲೋಕಕ್ಕೆ ಬಹಳ ಕಾಲದಿಂದ ಗೊತ್ತು. ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಆಮೇಲೆ ಸ್ವಲ್ಪ ಹೊಗೆಯೂ ಸಾಕು, ಅದು ಜೀವನಪರ್ಯಂತ ಉಳಿಯಬಹುದು. ನಾನು ಸಮಯಕ್ಕೆ ಬಚಾವಾದೆ. ಹೊಗೆ ಹೀರುವ ಫ್ಯಾನ್ ತಂದು, ಕಿಟಕಿ ತೆರೆದಿಟ್ಟ ಮೇಲೆ ಕೆಮ್ಮು ನಿಂತಿತು. ವಾರಾಂತ್ಯದಲ್ಲಿ ಕೆಮ್ಮೋ ಉಬ್ಬಸವೋ ಬಂದರೆ ನಿಮ್ಮ ಜಿಪಿಗೆ ಈ ಹವ್ಯಾಸದ ವಿಷಯ ತಪ್ಪದೆ ಹೇಳಿ.

ಸೀಸದ ಭಯ ಹೊಗೆಯಲ್ಲಿಲ್ಲ, ಕೈಯಲ್ಲಿದೆ. ಐರನ್ನಿನ ಬಿಸಿಗೆ ಸೀಸ ಆವಿಯಾಗುವುದಿಲ್ಲವೆಂದೇ ಹೇಳಬಹುದು. ಬೆರಳಿಗೆ ಹತ್ತಿದ್ದು ಚಕ್ಕುಲಿ, ಕೋಡುಬಳೆಯ ಜೊತೆ ಹೊಟ್ಟೆಗೆ ಹೋಗುತ್ತದೆ. ಚಿಕ್ಕ ಮಕ್ಕಳ ಮಿದುಳಿಗೆ, ಗರ್ಭದಲ್ಲಿರುವ ಮಗುವಿಗೆ ಅದು ವಿಷ. ಮಕ್ಕಳ ಜೊತೆ ಕೂತು ಮಾಡುವುದಾದರೆ ಸೀಸರಹಿತವನ್ನೇ ಕೊಳ್ಳಿ. ಕಡಿಮೆ ಉಷ್ಣತೆಯ ಕೆಲವು ಸಾಲ್ಡರ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಲೇಬಲ್ ಓದಿ, ಅಂಥದ್ದನ್ನು ತರಬೇಡಿ. ಊಟದ ಟೇಬಲ್ಲಿನ ಮೇಲಂತೂ ಈ ಕೆಲಸ ಬೇಡವೇ ಬೇಡ. "ನಾಳೆ ಇದರ ಮೇಲೇ ಹೋಳಿಗೆ ತಟ್ಟಬೇಕು" ಎಂದು ನಮ್ಮ ಮನೆಯಲ್ಲಿ ಎಂದೋ ತೀರ್ಪಾಗಿದೆ.

ಕೈ ಸುಟ್ಟರೆ ಬೆಣ್ಣೆ, ಟೂತ್‌ಪೇಸ್ಟ್, ಐಸ್ ಯಾವುದೂ ಬೇಡ. ಇಪ್ಪತ್ತು ನಿಮಿಷ ತಣ್ಣನೆಯ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಕಣ್ಣಿಗೆ ಫ್ಲಕ್ಸ್ ಸಿಡಿದರೆ ತಡಮಾಡದೆ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಆಮೇಲೆ ಆಸ್ಪತ್ರೆಗೆ ಹೋಗಿ.

ಆ ಪ್ಯಾನಿಯರ್ ಟ್ಯಾಂಕನ್ನು ನಾನು ಎಸೆಯಲಿಲ್ಲ. ಬಣ್ಣ ಕೆರೆದು, ತುಂಡುಗಳನ್ನು ಬಿಚ್ಚಿ, ಕಿಲುಬು ತೆಗೆದು, ಮೊದಲಿನಿಂದ ಬೆಸೆದೆ. ಈಗ ಮೂರು ಡಬ್ಬಿ ಎಳೆದುಕೊಂಡು ಓಡುತ್ತಿದೆ. ಈ ಶನಿವಾರ ದೀಪ ತಿಕ್ಕಲು ಕೂತಾಗ ನಿಮ್ಮ ಕಿಟ್ಟಿನ ಹಾಳೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.