ಒಂದು ಹೆಬ್ಬೆರಳಿನ ಬೆಲೆ ಎಷ್ಟು? ತಿರುಪ್ಪೂರು, ಕೊಯಮತ್ತೂರಿನಿಂದ ನಾವು ಕಲಿಯಬೇಕಾದ ಲೆಕ್ಕ

ಮಂಗಳೂರಿನಿಂದ ಉಪ್ಪಿನಂಗಡಿವರೆಗೆ ಯಾವ ಪೇಟೆಯ ರೆಡಿಮೇಡ್ ಅಂಗಡಿಗೆ ಹೋದರೂ ಬನಿಯನ್, ಟೀ ಶರ್ಟ್, ಲೆಗ್ಗಿಂಗ್ಸ್‌ಗಳ ದೊಡ್ಡ ಪಾಲು ತಿರುಪ್ಪೂರಿನದ್ದು. ಬಾವಿಗೆ ಕೂರಿಸುವ ಪಂಪ್, ಪತ್ತಿರ್‌ಗೆ ಅಕ್ಕಿ ರುಬ್ಬುವ ಗ್ರೈಂಡರ್ ಹೆಚ್ಚಾಗಿ ಕೊಯಮತ್ತೂರಿನದ್ದು. ಸರಕು ತರಲು ಪಾಲಕ್ಕಾಡ್ ದಾಟಿ ಹೋಗುವ ಕರಾವಳಿಯ ವ್ಯಾಪಾರಿಗಳಿಗೆ ಅಲ್ಲಿನ ರೇಟು, ಸೈಜು, ಸಾಲದ ಗಡುವು ಎಲ್ಲವೂ ಬಾಯಿಪಾಠ. ಆದರೆ ಆ ಸರಕು ತಯಾರಿಸುವಾಗ ಒಬ್ಬನ ಬೆರಳು ಹೋದರೆ ಅವನಿಗೆ ಎಷ್ಟು ಸಿಗಬೇಕು, ಯಾರು ಕೊಡಬೇಕು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರಲ್ಲಿ ಬೆರಳು ಕಳೆದುಕೊಂಡವನೂ ಇರುತ್ತಾನೆ.

ಇದು ಅಲ್ಲಿನವರ ವಿಷಯ ಮಾತ್ರ ಅಂತ ಬಿಡುವ ಹಾಗಿಲ್ಲ. ಮರದ ಮಿಲ್ಲು, ಲೇತ್ ಶಾಪ್, ಸೆಂಟ್ರಿಂಗ್ ಕೆಲಸ, ಲಾರಿ, ಲೋಡಿಂಗ್ ಎಲ್ಲ ಕಡೆ ನಮ್ಮ ಹುಡುಗರಿದ್ದಾರೆ. ಇಂಥ ಕಡೆ ಮಾಲಕರಾಗಿಯೂ ನಮ್ಮವರೇ ಇದ್ದಾರೆ. ಸಾಲದ್ದಕ್ಕೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. 1923ರ ನೌಕರರ ಪರಿಹಾರ ಕಾಯ್ದೆ ಮತ್ತು 1948ರ ಇಎಸ್‌ಐ ಕಾಯ್ದೆ ಎರಡೂ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಹೆಸರು ಬದಲಾದರೂ ಲೆಕ್ಕದ ಮೂಲ ಸೂತ್ರ ಹಾಗೆಯೇ ಉಳಿದಿದೆ.

ಎರಡು ದಾರಿ

ಕೆಲಸದಲ್ಲಿ ಗಾಯವಾದವನಿಗೆ ಎರಡು ದಾರಿಗಳಿವೆ. ಮೊದಲನೆಯದು ಇಎಸ್‌ಐ. ತಮಿಳುನಾಡಿನಲ್ಲಿ ಈ ಯೋಜನೆ ಮೊದಲು ಶುರುವಾದದ್ದೇ ಕೊಯಮತ್ತೂರಿನಲ್ಲಿ, 1955ರಲ್ಲಿ, ಮಿಲ್ ಕಾರ್ಮಿಕರಿಗಾಗಿ. 10 ಅಥವಾ ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವವರು ಇದರಡಿ ಬರುತ್ತಾರೆ. ಸಂಬಳದ 3.25% ಮಾಲಕನ ಪಾಲು, 0.75% ಕಾರ್ಮಿಕನ ಪಾಲು. ಇಎಸ್‌ಐ ಇಲ್ಲದ ಕಡೆ ಎರಡನೇ ದಾರಿ ಪರಿಹಾರ ಕಾಯ್ದೆ. ಇದರಲ್ಲಿ ಹಣ ಕೊಡುವ ಹೊಣೆ ನೇರವಾಗಿ ಮಾಲಕನದ್ದು. ಇಎಸ್‌ಐ ಇದ್ದರೆ ಅದೇ ಗಾಯಕ್ಕೆ ಮಾಲಕನಿಂದ ಇನ್ನೊಂದು ಪರಿಹಾರ ಕೇಳುವಂತಿಲ್ಲ.

ತಿರುಪ್ಪೂರಿನ ಸಮಸ್ಯೆ ಇಲ್ಲಿಂದಲೇ ಶುರು. 2024-25ರಲ್ಲಿ ಸುಮಾರು 40 ಸಾವಿರ ಕೋಟಿ ರೂಪಾಯಿಯ ಹೆಣಿಗೆ ಉಡುಪು ರಫ್ತಾದ ಊರು ಅದು. ಆದರೆ ಒಂದು ಟೀ ಶರ್ಟ್ ಒಂದೇ ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ. ಹೆಣಿಗೆ ಒಂದು ಕಡೆ, ಡೈಯಿಂಗ್ ಇನ್ನೊಂದು ಕಡೆ, ಕಟಿಂಗ್, ಪ್ರಿಂಟಿಂಗ್, ಹೊಲಿಗೆ ಬೇರೆ ಬೇರೆ ಕಡೆ. ದೊಡ್ಡ ಬನಿಯನ್ ಕಂಪೆನಿಗಳು ಹೊಲಿಗೆಯನ್ನು 'ಪವರ್ ಟೇಬಲ್' ಎಂದು ಕರೆಯುವ ಸಣ್ಣ ಘಟಕಗಳಿಗೆ ಪೀಸ್ ರೇಟಿಗೆ ಕೊಡುತ್ತವೆ. ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮ್‌ಗಳದ್ದೂ ಜಾಬ್ ವರ್ಕ್ ಕತೆಯೇ. ಕೆಲವು ಕಡೆ ಲೆಕ್ಕಕ್ಕೆ ಎಂಟು ಜನ, ಒಂಬತ್ತು ಜನ. ಹಾಗಾಗಿ ಇಎಸ್‌ಐ ಬಾಗಿಲಿನ ಹೊರಗೇ ಉಳಿಯುತ್ತಾರೆ. ಕೊಯಮತ್ತೂರಿನ ಪಂಪ್ ಉದ್ಯಮಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಲೇತ್, ಪವರ್ ಪ್ರೆಸ್ ಘಟಕಗಳ ಪಾಡೂ ಇದೇ. ಬೆರಳು ಹೆಚ್ಚು ಹೋಗುವುದು ಇಂಥ ಪ್ರೆಸ್‌ಗಳ ಕೆಳಗೆ.

ಕೋಷ್ಟಕದಲ್ಲಿರುವ ಲೆಕ್ಕ

ಪರಿಹಾರ ಎಷ್ಟು ಅನ್ನೋದು ಮಾಲಕನ ಮರ್ಜಿಗೆ ಬಿಟ್ಟದ್ದಲ್ಲ. ಯಾವ ಅಂಗ ಹೋದರೆ ದುಡಿಯುವ ಸಾಮರ್ಥ್ಯದಲ್ಲಿ ಎಷ್ಟು ನಷ್ಟ ಅಂತ ಕಾನೂನಿನ ಕೋಷ್ಟಕದಲ್ಲೇ ಇದೆ:

- ಹೆಬ್ಬೆರಳು ಪೂರ್ತಿ: 30%
- ತೋರುಬೆರಳು ಪೂರ್ತಿ: 14%
- ಒಂದೇ ಕೈಯ ಎರಡು ಬೆರಳು: 20%
- ಒಂದೇ ಕೈಯ ನಾಲ್ಕು ಬೆರಳು: 50%

ಸೂತ್ರ ಸರಳ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ವೇತನದ 60%, ಸಾವಿಗೆ 50%. ಅದನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸಬೇಕು. ಈ ಅಂಶ 25 ವರ್ಷಕ್ಕೆ 216.91, 40 ವರ್ಷಕ್ಕೆ 184.17. 2020ರ ಜನವರಿಯ ಅಧಿಸೂಚನೆ ಪ್ರಕಾರ ಲೆಕ್ಕಕ್ಕೆ ಹಿಡಿಯುವ ವೇತನದ ಗರಿಷ್ಠ ಮಿತಿ 15,000 ರೂಪಾಯಿ.

25 ವರ್ಷದ ಹುಡುಗನೊಬ್ಬ 15,000 ಸಂಬಳಕ್ಕೆ ದುಡಿಯುತ್ತಿದ್ದಾನೆ, ಪ್ರೆಸ್‌ನಲ್ಲಿ ಹೆಬ್ಬೆರಳು ಹೋಯಿತು ಎಂದುಕೊಳ್ಳಿ. 15,000ದ 60% ಅಂದರೆ 9,000. ಅದನ್ನು 216.91ರಿಂದ ಗುಣಿಸಿದರೆ 19,52,190. ಅದರ 30% ಅಂದರೆ 5,85,657 ರೂಪಾಯಿ. ಆಸ್ಪತ್ರೆಗೆ ಆದ ನಿಜವಾದ ಖರ್ಚು ಇದರ ಮೇಲೆ ಬೇರೆ. ಅದೇ ಹುಡುಗ ಸತ್ತಿದ್ದರೆ ಮನೆಯವರಿಗೆ ಸಿಗಬೇಕಾದದ್ದು 16,26,825 ರೂಪಾಯಿ.

ಇದೇ ಗಾಯ ಇಎಸ್‌ಐ ದಾರಿಯಲ್ಲಿ ಬೇರೆ ರೂಪ ಪಡೆಯುತ್ತದೆ. ಅಲ್ಲಿ ಇಡಿಗಂಟು ಇಲ್ಲ, ಜೀವಮಾನ ಪೂರ್ತಿ ತಿಂಗಳ ಹಣ. ಸರಾಸರಿ ದಿನಗೂಲಿ 500 ಅಂತ ಹಿಡಿದರೆ ಅದರ 90% ಆಗುವುದು 450. ಹೆಬ್ಬೆರಳಿಗೆ 30% ಅಂತ ವೈದ್ಯಕೀಯ ಮಂಡಳಿ ನಿಗದಿ ಮಾಡಿದರೆ ದಿನಕ್ಕೆ 135, ತಿಂಗಳಿಗೆ ಸುಮಾರು 4,050. ಹನ್ನೆರಡು ವರ್ಷದಲ್ಲಿ ಇದು ಆ ಇಡಿಗಂಟಿನ ಹತ್ತಿರ ಬರುತ್ತದೆ, ಆಮೇಲೂ ಬರುತ್ತಲೇ ಇರುತ್ತದೆ. ಚಿಕಿತ್ಸೆಯ ಖರ್ಚು ಇಎಸ್‌ಐ ನೋಡಿಕೊಳ್ಳುತ್ತದೆ. ಗಾಯ ವಾಸಿಯಾಗುವವರೆಗೆ ಮನೆಯಲ್ಲಿ ಕೂತ ದಿನಗಳಿಗೂ ಇಎಸ್‌ಐ ಕೊಡುವುದು ಕೂಲಿಯ 90%. ಪರಿಹಾರ ಕಾಯ್ದೆಯಲ್ಲಿ ಅದು 15 ದಿನಕ್ಕೊಮ್ಮೆ ತಿಂಗಳ ವೇತನದ 25%, ಅಂದರೆ ತಿಂಗಳಿಗೆ ಅರ್ಧ ಸಂಬಳ. ಕೆಲಸದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಎಂಬ ಷರತ್ತು ಇಎಸ್‌ಐಯಲ್ಲಿ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದ ಗಾಯವೂ ಲೆಕ್ಕಕ್ಕೆ ಬರುತ್ತದೆ.

ಹಣ ಎಲ್ಲಿ ಸೋರುತ್ತದೆ?

ಕಾಗದದಲ್ಲಿ 5.85 ಲಕ್ಷ ಇರುವುದು ಕೈಗೆ ಬರುವಾಗ ಹತ್ತಿಪ್ಪತ್ತು ಸಾವಿರಕ್ಕೆ ಇಳಿದರೆ ಅದು ಈ ನಾಲ್ಕು ಜಾಗಗಳಲ್ಲಿ ಸೋರಿರುತ್ತದೆ.

ಮೊದಲನೆಯದು ಹೆಸರು. ತಿರುಪ್ಪೂರಿನಲ್ಲಿ ಕೂಲಿ ವಾರಕ್ಕೊಮ್ಮೆ ಶನಿವಾರ ಕೈಗೆ ಬರುವುದು ರೂಢಿ. ಬಿಹಾರ, ಒಡಿಶಾ, ಜಾರ್ಖಂಡ್‌ನಿಂದ ಕಾಂಟ್ರಾಕ್ಟರ್ ಕರೆತಂದ ಹುಡುಗನ ಹೆಸರು ಕಂಪೆನಿಯ ಪುಸ್ತಕದಲ್ಲಿ ಇಲ್ಲದೇ ಹೋದರೆ "ಇವನು ನಮ್ಮವನಲ್ಲ" ಅನ್ನುವುದು ಸುಲಭ. ಆದರೆ ಕಾಂಟ್ರಾಕ್ಟರ್ ಮೂಲಕ ತನ್ನದೇ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲಕ ಪರಿಹಾರ ಕೊಡಲೇಬೇಕು. ಕೊಟ್ಟ ಮೇಲೆ ಅದನ್ನು ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಬಹುದು.

ಎರಡನೆಯದು ವೇತನ. ಕೈಗೆ 15,000 ಕೊಟ್ಟು ಪುಸ್ತಕದಲ್ಲಿ 9,000 ಬರೆದರೆ ಪಿಎಫ್, ಇಎಸ್‌ಐ ಉಳಿಯಿತು ಅಂತ ಇಬ್ಬರೂ ಖುಷಿಪಡುತ್ತಾರೆ. ಗಾಯವಾದ ದಿನ ಹೆಬ್ಬೆರಳಿನ ಬೆಲೆ 5.85 ಲಕ್ಷದಿಂದ 3.51 ಲಕ್ಷಕ್ಕೆ ಇಳಿದಿರುತ್ತದೆ.

ಮೂರನೆಯದು "ತಪ್ಪು ಅವನದ್ದೇ" ಎಂಬ ಮಾತು. ಅಜಾಗರೂಕತೆ ಇತ್ತು ಎಂಬ ಒಂದೇ ಕಾರಣಕ್ಕೆ ಪರಿಹಾರ ತಪ್ಪಿಸಲು ಬರುವುದಿಲ್ಲ. ಕುಡಿದಿದ್ದ, ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ, ಸುರಕ್ಷತಾ ಕವಚವನ್ನು ಗೊತ್ತಿದ್ದೇ ತೆಗೆದ ಎಂದು ಮಾಲಕ ತೋರಿಸಬೇಕು. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಆ ವಾದವೂ ನಡೆಯುವುದಿಲ್ಲ. ಪೀಸ್ ಬೇಗ ಬೀಳಲಿ ಅಂತ ಕವಚವನ್ನು ಮಾಲಕನೇ ತೆಗೆಸಿದ್ದರೆ ಮಾತೇ ಬೇರೆ.

ನಾಲ್ಕನೆಯದು ಬಿಳಿ ಕಾಗದ. ಆಸ್ಪತ್ರೆ ಬಿಲ್ಲು ಕಟ್ಟಿ, ಕೈಗೆ ಒಂದಿಷ್ಟು ಇಟ್ಟು, ಸಹಿ ಹಾಕಿಸಿ, ಊರಿಗೆ ಟಿಕೆಟ್ ಮಾಡಿಸಿ ಕಳಿಸುವುದು. ಹಕ್ಕು ಬಿಟ್ಟುಕೊಡುತ್ತೇನೆ ಎಂಬ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಇಡಿಗಂಟಿನ ರಾಜಿಯನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ಕಡಿಮೆ ಅನಿಸಿದರೆ ಅವರು ನಿರಾಕರಿಸಬಹುದು. ಸಾವಿನ ಪ್ರಕರಣದಲ್ಲಿ ಪರಿಹಾರವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು. ಊರಿಗೆ ಹೋದ ಮೇಲೂ ಕೇಸು ಹಾಕಲು ತಿರುಪ್ಪೂರಿಗೇ ಬರಬೇಕೆಂದಿಲ್ಲ, ಅರ್ಜಿದಾರ ವಾಸವಿರುವ ಊರಿನ ಆಯುಕ್ತರ ಮುಂದೆಯೂ ಹಾಕಬಹುದು. 1923ರ ಕಾಯ್ದೆ ಇದಕ್ಕೆ ಕೊಟ್ಟ ಕಾಲಾವಕಾಶ ಎರಡು ವರ್ಷ. ಸುಮ್ಮನೆ ಕೂತರೆ ಆ ಎರಡು ವರ್ಷ ಹೋದದ್ದೇ ತಿಳಿಯುವುದಿಲ್ಲ.

ಕೋರ್ಟ್ ಹೇಳಿದ್ದು

ಕೋಷ್ಟಕದ ಶೇಕಡಾವಾರು ಕೂಡ ಕೊನೆಯ ಮಾತಲ್ಲ. 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣದಲ್ಲಿ ಒಬ್ಬ ಬಡಗಿಯ ಎಡಗೈಯನ್ನು ಮೊಣಕೈಯಿಂದ ಮೇಲೆ ಕತ್ತರಿಸಬೇಕಾಗಿತ್ತು. ಒಂದು ಕೈ ಉಳಿದಿದೆಯಲ್ಲ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಬಡಗಿ ಕೆಲಸ ಒಂದೇ ಕೈಯಲ್ಲಿ ಆಗುವುದಿಲ್ಲ, ಆದ್ದರಿಂದ ನಷ್ಟ 100% ಅಂತ ಕೋರ್ಟ್ ಒಪ್ಪಿತು. ಪರಿಹಾರ ಬಾಕಿಯಾಗುವುದು ಗಾಯವಾದ ದಿನದಿಂದಲೇ, ತೀರ್ಪು ಬಂದ ದಿನದಿಂದ ಅಲ್ಲ ಅಂತಲೂ ಹೇಳಿತು.

ಕೆಲಸಕ್ಕೆ ಹೋಗುವ ದಾರಿಯ ಬಗ್ಗೆಯೂ ಈಗ ಸ್ಪಷ್ಟತೆ ಬಂದಿದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ಡ್ಯೂಟಿಗೆ ಬೈಕಿನಲ್ಲಿ ಹೋಗುವಾಗ ಅಪಘಾತದಲ್ಲಿ ತೀರಿಕೊಂಡ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಕುಟುಂಬದ ಪರ ತೀರ್ಪು ಕೊಟ್ಟಿತು. ಹೊತ್ತು, ಜಾಗ, ಸಂದರ್ಭ ಕೆಲಸಕ್ಕೆ ಹೊಂದಿಕೊಂಡಿದ್ದರೆ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತಕ್ಕೂ ಪರಿಹಾರ ಇದೆ. ಹೊಸ ಸಂಹಿತೆಯಲ್ಲೂ ಇದು ಸೇರಿದೆ. ರಾತ್ರಿ ಶಿಫ್ಟ್ ಮುಗಿಸಿ ಬೈಕ್ ಹತ್ತುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ಕುಟುಂಬದವರು ಗಮನಿಸಬೇಕಾದದ್ದು, ಈ ತೀರ್ಪು ಬರಲು 22 ವರ್ಷ ಬೇಕಾಯಿತು.

ಸಾವಿನ ವಿಷಯದಲ್ಲಿ ತಿರುಪ್ಪೂರು ಇತ್ತೀಚೆಗೆ ಕಂಡ ದೊಡ್ಡ ನೋವು 2025ರ ಮೇ ತಿಂಗಳದ್ದು. ಪಲ್ಲಡಂ ಸಮೀಪದ ಕರೈಪುದೂರಿನ ಡೈಯಿಂಗ್ ಘಟಕವೊಂದರಲ್ಲಿ ಟ್ಯಾಂಕ್ ಸ್ವಚ್ಛಗೊಳಿಸಲು ಇಳಿದ ಕಾರ್ಮಿಕರು ವಿಷಾನಿಲಕ್ಕೆ ಬಲಿಯಾದರು. ಒಳಚರಂಡಿ ಸ್ವಚ್ಛಗೊಳಿಸುವಾಗ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲೇ ಹೇಳಿತ್ತು. ಮೊತ್ತ ಏರಿದೆ, ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಮಾತ್ರ ನಿಂತಿಲ್ಲ.

ಸಣ್ಣ ಮಾಲಕನ ಲೆಕ್ಕ

ಈಗ ಮಾಲಕನ ಕಡೆಯಿಂದ ನೋಡೋಣ. 2025ರ ಆಗಸ್ಟ್ 27ರಿಂದ ಅಮೆರಿಕ 50% ಸುಂಕ ಹಾಕಿದಾಗ ತಿರುಪ್ಪೂರಿನ ಆರ್ಡರ್‌ಗಳಿಗೆ ಪೆಟ್ಟು ಬಿತ್ತು. ಲಾಭ ತೆಳುವಾದಾಗ ಮೊದಲು ಕೈ ಹೋಗುವುದು ಇಎಸ್‌ಐ, ಇನ್ಶೂರೆನ್ಸ್‌ನಂಥ ಖರ್ಚುಗಳ ಮೇಲೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

15,000 ಸಂಬಳದ 10 ಜನರಿಗೆ ಮಾಲಕನ ಇಎಸ್‌ಐ ಪಾಲು ತಿಂಗಳಿಗೆ 4,875 ರೂಪಾಯಿ, ವರ್ಷಕ್ಕೆ 58,500. ಹತ್ತು ವರ್ಷಕ್ಕೆ 5,85,000. ಒಂದು ಹೆಬ್ಬೆರಳಿನ ಪರಿಹಾರ 5,85,657. ಅಂದರೆ ಒಂದೇ ಹೆಬ್ಬೆರಳು ಹತ್ತು ಜನರ ಹತ್ತು ವರ್ಷದ ಇಎಸ್‌ಐಗೆ ಸಮ. ಒಂದು ತಿಂಗಳೊಳಗೆ ಕೊಡದೆ ಎಳೆದರೆ 12% ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ 50%ವರೆಗೆ ದಂಡ. ಎರಡು ವರ್ಷ ಎಳೆದು ಪೂರ್ತಿ ದಂಡ ಬಿದ್ದರೆ ಅದೇ ಹೆಬ್ಬೆರಳು 10 ಲಕ್ಷ ದಾಟುತ್ತದೆ. ಸಣ್ಣ ಅಂಗಡಿ, ಸಣ್ಣ ಮಿಲ್ಲು ಮುಚ್ಚಲು ಇಷ್ಟು ಸಾಕು.

10ಕ್ಕಿಂತ ಕಡಿಮೆ ಜನ ಇರುವವರು ನೌಕರರ ಪರಿಹಾರದ ಇನ್ಶೂರೆನ್ಸ್ ಪಾಲಿಸಿ ಮಾಡಿಸಬಹುದು. ಹೊಸ ಸಂಹಿತೆಯಲ್ಲಿ ಸಣ್ಣ ಘಟಕಗಳು ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಲೂ ಅವಕಾಶ ಇದೆ. ಒಂದು ಎಚ್ಚರಿಕೆ: 1997ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಡ್ಡಿಯನ್ನು ಇನ್ಶೂರೆನ್ಸ್ ಕಂಪೆನಿ ಭರಿಸಬೇಕಾಗಬಹುದು, ದಂಡ ಮಾತ್ರ ಮಾಲಕನ ಕಿಸೆಯಿಂದಲೇ ಹೋಗಬೇಕು.

ಸದಕ ಯಾವುದು, ಹಕ್ಕು ಯಾವುದು?

ನಮ್ಮ ಸಮುದಾಯದಲ್ಲಿ ಯಾರಿಗಾದರೂ ಅಪಘಾತವಾದರೆ ಕೈ ಚಾಚಲು ಯಾರೂ ಹಿಂದೆ ಬೀಳುವುದಿಲ್ಲ. ವಾಟ್ಸ್‌ಆಪ್ ಗ್ರೂಪಿನಲ್ಲಿ ಬ್ಯಾಂಕ್ ಖಾತೆ ನಂಬರ್ ಬರುತ್ತದೆ, ಜುಮಾ ಬಳಿಕ ಮಸೀದಿಯಲ್ಲಿ ಹಣ ಸೇರುತ್ತದೆ, ಗಲ್ಫಿನಿಂದಲೂ ಬರುತ್ತದೆ. ಇದು ನಮ್ಮ ಶಕ್ತಿ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಈ ಗಾಯ ಕೆಲಸದಲ್ಲಿ ಆದದ್ದಾ? ಆಗಿದ್ದರೆ ಚಿಕಿತ್ಸೆಯ ಖರ್ಚು, ಪರಿಹಾರ ಕೊಡಬೇಕಾದವರು ಬೇರೆ ಇದ್ದಾರೆ. ಅವರು ಕೊಡಬೇಕಾದದ್ದನ್ನು ಊರಿನ ಬಡವರ ಸದಕದಿಂದ ತುಂಬಿಸಿದರೆ ಉಳಿತಾಯ ಆಗುವುದು ಮಾಲಕನಿಗೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ (ಸ.ಅ) ಕಲಿಸಿದ ಸಮುದಾಯ ನಮ್ಮದು. ರಕ್ತ ಹರಿದ ಮೇಲೆ ಕೊಡಬೇಕಾದದ್ದನ್ನು ವರ್ಷಗಟ್ಟಲೆ ಎಳೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ, ಮಾಲಕ ನಮ್ಮವನೇ ಆಗಿದ್ದರೂ.

ಜಮಾಅತ್ ಕಮಿಟಿಗಳು, ಯುವಕ ಸಂಘಗಳು ಸಹಾಯಕ್ಕೆ ಮನವಿ ಬಂದಾಗ ನಾಲ್ಕು ವಿಷಯ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಇಎಸ್‌ಐ ನಂಬರ್ ಇದೆಯಾ? ಅಪಘಾತದ ಬಗ್ಗೆ ಮಾಲಕ ಬರಹದಲ್ಲಿ ವರದಿ ಕೊಟ್ಟಿದ್ದಾನಾ? ಆಸ್ಪತ್ರೆಯ ದಾಖಲೆಯಲ್ಲಿ 'ಕೆಲಸದ ವೇಳೆ ಆದ ಗಾಯ' ಅಂತ ಬರೆಸಿದ್ದಾರಾ? ಯಾವುದಾದರೂ ಕಾಗದಕ್ಕೆ ಸಹಿ ಆಗಿದೆಯಾ? ನಮ್ಮಲ್ಲಿ ಬಿ.ಕಾಂ, ಎಲ್‌ಎಲ್‌ಬಿ ಓದಿದ ಹುಡುಗ, ಹುಡುಗಿಯರಿಗೆ ಕೊರತೆ ಇಲ್ಲ. ಪ್ರತಿ ಊರಲ್ಲಿ ಇಬ್ಬರು ಈ ಕೋಷ್ಟಕ ನೋಡಲು ಕಲಿತರೂ ಸಾಕು. ಹಣ ಸಂಗ್ರಹ ಮೊದಲ ವಾರದ ತುರ್ತಿಗೆ ಇರಲಿ. ಎರಡನೇ ವಾರ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಹೋಗಲಿ.